ಸೆರೆಯಲ್ಲಿರುವ ಕಪ್ಪೆಯ ಕಣ್ಣು ಮತ್ತು ಸಾಕುವವನ ಋಣ

ಮನುಷ್ಯನು ತನ್ನ ಸಂತೋಷಕ್ಕಾಗಿ ಕೂಡಿಹಾಕಿದ ಪ್ರಾಣಿಗೆ ಕಾಯಿಲೆ ಬಂದಾಗ ಅವನು ಮಾಡುವ ಶುಶ್ರೂಷೆಯನ್ನು ದಯೆಯೆಂದು ಕರೆಯಬೇಕೇ, ಋಣಸಂದಾಯವೆಂದು ಕರೆಯಬೇಕೇ ಎಂಬ ಪ್ರಶ್ನೆ ಧರ್ಮಚಿಂತನೆಯಲ್ಲಿ ಸಣ್ಣದಲ್ಲ. ದಯೆಯು ಕೊಡುವವನ ಇಚ್ಛೆಗೆ ಬಿಟ್ಟದ್ದು, ಋಣವಾದರೋ ತೀರಿಸಲೇಬೇಕಾದದ್ದು. ಸಾಕಿದ ಕಪ್ಪೆಯ ಕಣ್ಣಿನ ಬೇನೆಯು ಈ ಎರಡರ ನಡುವಿನ ಅಂತರವನ್ನು ಸ್ಪಷ್ಟವಾಗಿ ಕಾಣಿಸುತ್ತದೆ.

ಆಸ್ಟ್ರೇಲಿಯಾ ಮತ್ತು ನ್ಯೂಗಿನಿ ಮೂಲದ ಹಸಿರು ಮರಗಪ್ಪೆಯನ್ನು ಅಮೆರಿಕ ಮತ್ತು ಯುರೋಪಿನ ಮನೆಗಳಲ್ಲಿ ಗಾಜಿನ ತೊಟ್ಟಿಯಲ್ಲಿಟ್ಟು ಸಾಕುವ ರೂಢಿಯಿದೆ. ಸೆರೆಯಲ್ಲಿರುವ ಇಂಥ ಕಪ್ಪೆಗಳ ಕಾರ್ನಿಯಾದಲ್ಲಿ, ಎಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲದಲ್ಲಿ, ಕೊಬ್ಬಿನಂಶವೂ ಕೊಲೆಸ್ಟ್ರಾಲೂ ಸೇರಿಕೊಂಡು ಬಿಳಿಯ ಮಸುಕು ಮೂಡುವುದುಂಟು. ಅದು ಹರಡುತ್ತ ಹೋದಂತೆ ದೃಷ್ಟಿ ಮುಚ್ಚಿಹೋಗುತ್ತದೆ. ಕೊಬ್ಬು ಹೆಚ್ಚಿರುವ ಆಹಾರವು ಇದಕ್ಕೆ ಮುಖ್ಯ ಕಾರಣಗಳಲ್ಲೊಂದೆಂದು ಪಶುವೈದ್ಯರು ಭಾವಿಸುತ್ತಾರೆ. ಒಮ್ಮೆ ಕೂಡಿದ ಕೊಬ್ಬನ್ನು ಕರಗಿಸುವ ಖಚಿತವಾದ ಮದ್ದಿಲ್ಲ. ಆಹಾರವನ್ನು ತಿದ್ದಿ ಬೇನೆಯ ವೇಗವನ್ನು ತಗ್ಗಿಸಲು ಯತ್ನಿಸಬಹುದಷ್ಟೆ. ಪ್ರೀತಿಯಿಂದ ಮತ್ತೆ ಮತ್ತೆ ಉಣಿಸಿದ ಕೈಯೇ ಇಲ್ಲಿ ಕುರುಡಿಗೆ ಕಾರಣವಾಗಬಹುದು.

ಕಪ್ಪೆಯ ಪಾಲಿಗೆ ಕಣ್ಣು ಎಷ್ಟು ದೊಡ್ಡದೆಂಬುದನ್ನು 1959ರಲ್ಲಿ ಲೆಟ್ವಿನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಸಿದ್ಧ ಸಂಶೋಧನೆ ತೋರಿಸಿತು. ಕಪ್ಪೆಯ ಅಕ್ಷಿಪಟಲದಿಂದ ಹೊರಡುವ ಕೆಲವು ನರತಂತುಗಳು ಚಲಿಸುವ ಸಣ್ಣ ವಸ್ತುವಿಗೆ ವಿಶೇಷವಾಗಿ ಸ್ಪಂದಿಸುತ್ತವೆ. ಆದ್ದರಿಂದ ಸುತ್ತಲೂ ಅಲುಗಾಡದ ಆಹಾರವಿದ್ದರೂ ಕಪ್ಪೆ ಹಸಿದು ಸಾಯಬಹುದು. ನುಂಗುವಾಗ ಅದರ ಕಣ್ಣುಗುಡ್ಡೆಗಳು ಒಳಕ್ಕೆ ಸರಿದು, ಬಾಯೊಳಗಿನ ತುತ್ತನ್ನು ಗಂಟಲಿನತ್ತ ಒತ್ತುತ್ತವೆ. ಬೇಟೆಯನ್ನು ಗುರುತಿಸುವುದರಿಂದ ನುಂಗುವವರೆಗೆ ಅದರ ಊಟವೆಲ್ಲ ಕಣ್ಣಿನ ಆಸರೆಯಲ್ಲೇ ನಡೆಯುತ್ತದೆ.

ಜೈನದರ್ಶನವು ಜೀವಿಗಳನ್ನು ಇಂದ್ರಿಯಗಳ ಸಂಖ್ಯೆಯಂತೆ ವಿಂಗಡಿಸುವಾಗ ಕಪ್ಪೆಯನ್ನು ಪಂಚೇಂದ್ರಿಯ ಜೀವಿಗಳ ಸಾಲಿನಲ್ಲಿರಿಸುತ್ತದೆ. ಐದು ಇಂದ್ರಿಯಗಳ ವಿಷಯದಲ್ಲಿ ಮನುಷ್ಯನೂ ಅದೇ ಸಾಲಿನವನು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಪೂಜೆಯ ಮಹಿಮೆಗೆ ನಿದರ್ಶನವಾಗಿ ಹೂವೊಂದನ್ನು ಹಿಡಿದು ಹೊರಟ ರಾಜಗೃಹದ ಕಪ್ಪೆಯನ್ನೇ ಹೆಸರಿಸುತ್ತದೆ. ತತ್ತ್ವಾರ್ಥಸೂತ್ರವು ಗೃಹಸ್ಥನ ಅಹಿಂಸಾವ್ರತದ ಅತಿಚಾರಗಳನ್ನು, ಎಂದರೆ ವ್ರತವನ್ನು ಕುಂದಿಸುವ ದೋಷಗಳನ್ನು, ಐದೆಂದು ಎಣಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವುಗಳಲ್ಲಿ ಜೀವಿಯ ಸಂಚಾರವನ್ನು ತಡೆದು ಕಟ್ಟಿಹಾಕುವ ಬಂಧವೇ ಮೊದಲನೆಯದು. ಕಪ್ಪೆಯನ್ನು ಗಾಜಿನೊಳಗೆ ಇರಿಸಿದ ಕ್ಷಣದಲ್ಲಿಯೇ ಸಾಕುವವನು ಅದಕ್ಕೆ ಋಣಿಯಾಗಿದ್ದಾನೆ. ಬೇನೆ ಬಂದಮೇಲೆ ಅವನ ಮನಸ್ಸು ಕರಗುವುದೂ ಕರಗದಿರುವುದೂ ಆ ಋಣವನ್ನು ಹೆಚ್ಚಿಸದು, ಕಡಿಮೆ ಮಾಡದು.

ಇಲ್ಲೊಂದು ತೊಡಕಿದೆ. ಬಂಧವು ದೋಷವೆಂದಮಾತ್ರಕ್ಕೆ ಕಣ್ಣು ಕಳೆದುಕೊಂಡ ಕಪ್ಪೆಯನ್ನು ಕೆರೆಯ ದಡದಲ್ಲಿ ಬಿಟ್ಟುಬಂದರೆ ಅದು ಬಿಡುಗಡೆಯಾಗದು. ಬೇಟೆ ಕಾಣದ ಕಪ್ಪೆಗೆ ಅದು ಅನ್ನಪಾನನಿರೋಧವೇ ಆಗುತ್ತದೆ. ಅದೇ ಕಪ್ಪೆಗೆ ಇಕ್ಕಳದಿಂದ ಹುಳುವನ್ನು ಬಾಯಿಗೆ ತಾಗಿಸಿ ಉಣಿಸಿದರೆ ಸೆರೆಯಲ್ಲಿ ಬಹುಕಾಲ ಬದುಕಬಲ್ಲದು. ಕುರುಡಿಗೆ ಕಾರಣವಾದ ಸೆರೆಯೇ ಈಗ ಅದರ ಬದುಕಿಗೆ ಆಧಾರವಾಗುವುದರಿಂದ, ದೋಷವಾಗಿ ಮೊದಲಾದ ಬಂಧವು ಮುಂದೆ ಕರ್ತವ್ಯವಾಗಿ ಮಾರ್ಪಡುತ್ತದೆ. ಉಣಿಸುವ ಹುಳುವೂ ಜೀವವೇ ಆದ್ದರಿಂದ ಈ ಕರ್ತವ್ಯವು ಹಿಂಸೆಯಿಂದ ಪೂರ್ತಿ ಮುಕ್ತವಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಋಣವು ತೀರುವುದು ಭಾವನೆಯಿಂದಲ್ಲ, ಅರಿವಿನಿಂದ. ಕಪ್ಪೆಯ ಚರ್ಮವು ನೀರನ್ನೂ ನೀರಿನಲ್ಲಿ ಕರಗಿದ್ದನ್ನೂ ಹೀರಿಕೊಳ್ಳುವಂಥದ್ದು. ಕಣ್ಣಿಗೆ ಹಾಕಿದ ಹನಿ ಚರ್ಮದ ಮೂಲಕವೂ ದೇಹವನ್ನು ಸೇರುವುದರಿಂದ, ಮನುಷ್ಯರ ಔಷಧವನ್ನು ಕರುಣೆಯ ಆತುರದಲ್ಲಿ ಸುರಿದರೆ ವಿಷವಾಗಬಹುದು. ಕಣ್ಣಿನ ಮಸುಕಿಗೆ ಗಾಯ, ಸೋಂಕು, ಮಲಿನ ನೀರು ಇವೂ ಕಾರಣಗಳಾಗಬಲ್ಲವು. ಎ ಜೀವಸತ್ವದ ಕೊರತೆಯಿಂದ ರೆಪ್ಪೆಗಳು ಊದಿಕೊಳ್ಳುತ್ತವೆ. ಇವನ್ನು ಬೇರ್ಪಡಿಸಿ ನೋಡಬಲ್ಲ ವೈದ್ಯರ ಬಳಿಗೆ ಒಯ್ಯುವುದು, ಕ್ಲೋರಿನ್ ಕಳೆದ ನೀರನ್ನು ಇಡುವುದು, ಆಹಾರವನ್ನು ಮಿತಗೊಳಿಸುವುದು, ಇವೇ ಇಲ್ಲಿ ಧರ್ಮಾಚರಣೆಯ ರೂಪಗಳು.

ಕುರುಡು ಕಪ್ಪೆಗೆ ಮರಣವನ್ನು ಕೊಡುವುದೇ ದಯೆಯೆಂದು ಯಾರಾದರೂ ವಾದಿಸಬಹುದು. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ನರಳುತ್ತಿದ್ದ ಕರುವಿಗೆ ಗಾಂಧೀಜಿ ಮರಣವನ್ನು ಕೊಡಿಸಿದಾಗ ದೊಡ್ಡ ವಿವಾದವೆದ್ದಿತು. ಆ ಕರುವಿಗೆ ಗುಣವಾಗುವ ಆಸೆಯಿರಲಿಲ್ಲ, ಯಾತನೆ ತೀವ್ರವಾಗಿತ್ತು. ಕಣ್ಣು ಕಳೆದುಕೊಂಡರೂ ಉಣ್ಣುವ, ಉಸಿರಾಡುವ, ತನ್ನ ಮೂಲೆಯಲ್ಲಿ ನೆಮ್ಮದಿಯಿಂದಿರುವ ಕಪ್ಪೆಗೆ ಆ ವಾದ ಹೊಂದುವುದಿಲ್ಲ. ಸಾಕುವವನ ಬೇಸರವನ್ನು ಪ್ರಾಣಿಯ ಯಾತನೆಯೆಂದು ಎಣಿಸುವುದು ಧರ್ಮವಲ್ಲ. ಆದಕಾರಣ ಇಂಥ ಜೀವಿಯನ್ನು ಮನೆಗೆ ತರುವ ಮುನ್ನವೇ ಅದರ ಕೊನೆಯ ದಿನದವರೆಗಿನ ಹೊಣೆಯನ್ನು ತೂಗಿ ನೋಡಬೇಕು. ಹೊರಲಾರೆನೆನಿಸಿದರೆ ತಾರದಿರುವುದೇ ಮೊದಲ ಅಹಿಂಸೆ.