ಹೊಂದಿಕೊಳ್ಳಬೇಕಾದವರು ಯಾರು?

"ಹೊಂದಿಕೊಂಡು ಹೋಗಮ್ಮಾ" ಎಂಬ ಮಾತು ಕೇಳದೆ ತವರಿನ ಹೊಸ್ತಿಲು ದಾಟಿದ ಹೆಣ್ಣು ನಮ್ಮಲ್ಲಿ ಅಪರೂಪ. ಹೇಳುವವರದೇನೂ ಕೆಟ್ಟ ಮನಸ್ಸಲ್ಲ. ಆದರೆ ಎರಡು ಕೂಡುವಾಗ ಹೊಂದಿಕೊಳ್ಳುವ ಹೊಣೆ ಒಂದರದೇ ಯಾಕೆ, ಅದೂ ಹೊಸದಾಗಿ ಬಂದದ್ದರದೇ ಯಾಕೆ? ಈ ಪ್ರಶ್ನೆಗೆ ನನಗೊಂದು ಎಳೆ ಸಿಕ್ಕಿದ್ದು ಜೀಪ್ ರಿಪೇರಿಯ ಶೆಡ್ಡಿನಲ್ಲಿ ಎಂದರೆ ನೀವು ನಗಬಹುದು.

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಜೀಪು ಶೋಕಿಯ ವಸ್ತುವಲ್ಲ. ಮಳೆಗಾಲದ ಕೆಸರಿನಲ್ಲಿ ಗೊಬ್ಬರದ ಮೂಟೆಯನ್ನೂ ಬಸುರಿ ಹೆಂಗಸನ್ನೂ ಹೊತ್ತು ಗುಡ್ಡ ಹತ್ತುವುದು ಅದೇ. ಅಂಥ ಹಳೆಯ ಜೀಪೊಂದರ ಗೇರ್‌ಬಾಕ್ಸ್ ಸವೆದು, ಅದೇ ಮಾದರಿಯದು ಸಿಗದೆ, ನೆಂಟರೊಬ್ಬರು ಬೇರೆ ಮಾದರಿಯದನ್ನು ತರಿಸಿದ್ದರು. ಅದರ ಉದ್ದವೇ ಬೇರೆ, ಕೂರುವ ಜಾಗವೇ ಬೇರೆ. ಹಳೆಯ ಕ್ರಾಸ್ ಮೆಂಬರ್ ಅದಕ್ಕೆ ಸರಿಬರಲಿಲ್ಲ. ಕ್ರಾಸ್ ಮೆಂಬರ್ ಎಂದರೆ ಚಾಸಿಯ ಎರಡು ಉದ್ದ ತೊಲೆಗಳ ನಡುವೆ ಅಡ್ಡ ನಿಂತು ಗೇರ್‌ಬಾಕ್ಸಿನ ಭಾರ ಹೊರುವ ಉಕ್ಕಿನ ಪಟ್ಟಿ. ಅಟ್ಟದ ಜಂತೆಯಂತೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೇಸ್ತ್ರಿ ಮೊದಲು ಗೇರ್‌ಬಾಕ್ಸನ್ನು ಜಾಕಿನ ಮೇಲೆ ಇರಬೇಕಾದ ಎತ್ತರಕ್ಕೆ ನಿಲ್ಲಿಸಿದರು. ಓರೆ ತಪ್ಪಿದರೆ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟು ನಡುಗಿ, ಅದರ ಕೀಲು ಬೇಗ ಸವೆಯುತ್ತದಂತೆ. ಆಮೇಲೆ ರವಿಕೆಗೆ ಅಳತೆ ತೆಗೆಯುವಂತೆ ರಟ್ಟು ಕತ್ತರಿಸಿ ಮಾದರಿ ಮಾಡಿ, ಸೈಲೆನ್ಸರ್ ಕೊಳವೆಗೆ ದಾರಿ ಬಿಟ್ಟು, ತಗಡು ಕೊಯ್ದರು. ಮೊದಲು ಅಲ್ಲಲ್ಲಿ ಚುಕ್ಕೆ ವೆಲ್ಡಿಂಗು. ಇಟ್ಟು ನೋಡಿದ ಮೇಲೆಯೇ ಪೂರ್ತಿ ಬೆಸುಗೆ. ಕಾವಿಗೆ ಕಬ್ಬಿಣ ಸೊಟ್ಟಗಾಗುತ್ತದೆ ನೋಡಿ.

"ಗೇರ್‌ಬಾಕ್ಸನ್ನೇ ಸ್ವಲ್ಪ ಕೊಯ್ದು ಕೂರಿಸಬಾರದೇ?" ಎಂದು ಕೇಳಿದೆ.

"ಕೊಯ್ದ್ರೆ ಅದು ಕೆಟ್ಟೇಹೋಯ್ತು ಅಕ್ಕಾ. ಕೂರೋ ಜಾಗ ನಾವು ಮಾಡ್ಕೊಡ್ಬೇಕು" ಎಂದರು.

ಅವರು ಚಾಸಿಯನ್ನೂ ಕೊಯ್ಯಲಿಲ್ಲ. ಇದ್ದದ್ದು ಇದ್ದಂತೆಯೇ, ಬಂದದ್ದು ಬಂದಂತೆಯೇ ಉಳಿದು, ನಡುವೆ ಮೂರನೆಯದೊಂದು ಹುಟ್ಟಿತು. ಅದರ ಮೇಲೆ ರಬ್ಬರಿನ ಮೆತ್ತೆ. ಹಳ್ಳಕೊಳ್ಳದಲ್ಲಿ ಚಾಸಿ ತಿರುಚಿಕೊಳ್ಳುತ್ತದೆ. ಮೆತ್ತೆಯಿಲ್ಲದೆ ಬಿಗಿದರೆ ಗೇರ್‌ಬಾಕ್ಸಿನ ಕಿವಿಯೇ ಸೀಳಬಹುದು. ಪಟ್ಟಿಯನ್ನು ಚಾಸಿಗೆ ಬೆಸೆಯಲೂ ಇಲ್ಲ, ಬೋಲ್ಟಿನಿಂದ ಬಿಗಿದರು. ನಾಳೆ ಕ್ಲಚ್ಚಿನ ಕೆಲಸ ಬಂದರೆ ಬಿಚ್ಚಿ ಇಳಿಸಬೇಕಲ್ಲ!

ಮನುಷ್ಯರು ಕಬ್ಬಿಣವಲ್ಲ, ಒಪ್ಪುತ್ತೇನೆ. ನಾವು ಬದಲಾಗಬಲ್ಲೆವು, ಪ್ರೀತಿಗಾಗಿ ಬದಲಾಗುವುದರಲ್ಲಿ ಸುಖವೂ ಇದೆ. ಆದರೆ ಬದಲಾಗಬಲ್ಲೆವು ಎಂಬ ಒಂದೇ ಕಾರಣಕ್ಕೆ ನಮ್ಮನ್ನು ಕೊಯ್ಯಬಹುದೇ? ವಾಹನವನ್ನು ಮನಬಂದಂತೆ ಮಾರ್ಪಡಿಸದಂತೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿ ಹಿಡಿಯಿತು. ವಾಹನದ ಮೂಲರೂಪಕ್ಕೆ ಕಾನೂನಿನ ಕಾವಲಿದೆ. ಹಾಡುತ್ತಿದ್ದವಳು ಹಾಡು ಬಿಟ್ಟರೆ, ಓದುತ್ತಿದ್ದವಳು ಪುಸ್ತಕ ಮುಚ್ಚಿಟ್ಟರೆ ಯಾವ ಕಲಮು?

ಇನ್ನೊಂದು ಮಾತು. ಮನೆಯಲ್ಲಿ ಆ ಅಡ್ಡಪಟ್ಟಿ ಆಗುವವರು ಯಾರು? ಹೆಚ್ಚಿನ ಸಲ ಮತ್ತೊಬ್ಬ ಹೆಂಗಸೇ. ಅತ್ತೆಗೂ ಸೊಸೆಗೂ ನಡುವೆ ನಾದಿನಿ, ಗಂಡನಿಗೂ ಮಕ್ಕಳಿಗೂ ನಡುವೆ ತಾಯಿ. ಭಾರ ಹೊರುವುದು ದೊಡ್ಡದೆಂದು ಹೊಗಳುತ್ತೇವೆ. ಜೀಪಿನ ಪಟ್ಟಿಗಾದರೋ ಎರಡೂ ಕಡೆ ಆಧಾರವಿರುತ್ತದೆ. ಒಂದೇ ಕಡೆ ಬೋಲ್ಟು ಹಾಕಿ ಭಾರ ಹೊರಿಸಿದರೆ ಉಕ್ಕೂ ಬಾಗೀತು. ಆದ್ದರಿಂದ ಆ ಪಟ್ಟಿ ಒಬ್ಬ ವ್ಯಕ್ತಿ ಆಗಬಾರದು. ಎಲ್ಲರೂ ಕೂತು ಮಾಡಿಕೊಂಡ ಏರ್ಪಾಡಾಗಬೇಕು, ಬೇಕೆಂದಾಗ ಬಿಚ್ಚಿ ಸರಿಪಡಿಸುವಂತಿರಬೇಕು.

ಬರುವ ವೈಶಾಖಕ್ಕೆ ನನ್ನ ಮಗನ ಮದುವೆ. ಹುಡುಗಿ ನರ್ಸು, ವಾರಗಟ್ಟಲೆ ರಾತ್ರಿ ಪಾಳಿ. ನಮ್ಮದು ಐದಕ್ಕೇ ಏಳುವ ಮನೆ. "ಹೇಗಮ್ಮಾ ಹೊಂದಿಕೊಳ್ಳುತ್ತಾಳೆ?" ಎಂದು ನೆರೆಯವರು ಈಗಲೇ ಕೇಳುತ್ತಿದ್ದಾರೆ. ಪಾಳಿ ಮುಗಿಸಿ ಬಂದವಳು ಮಧ್ಯಾಹ್ನದವರೆಗೆ ಮಲಗಲಿ. ಹಿಂಬದಿಯ ಕೋಣೆಗೆ ದಪ್ಪ ಪರದೆ ಹೊಲಿಸಲು ಕೊಟ್ಟಿದ್ದೇನೆ. ಬೆಳಿಗ್ಗೆ ಮಿಕ್ಸಿ ಗುರುಗುಟ್ಟದಂತೆ ಚಟ್ನಿಯನ್ನು ಹಿಂದಿನ ರಾತ್ರಿಯೇ ರುಬ್ಬಿಡಬಹುದು. ಅದನ್ನು ನನ್ನ ಮಗನೇ ರುಬ್ಬಬಹುದು.