ದರ್ಶನವೋ, ಗ್ರಹಣವೋ?

ಸುಂದರವಾದ ವಸ್ತುವೊಂದನ್ನು ಕಂಡಾಗ ನಮ್ಮ ಮನಸ್ಸಿನಲ್ಲಿ ಎರಡು ಭಾವಗಳು ಉದಿಸುತ್ತವೆ. ಕಂಡೆನಲ್ಲ ಎಂಬ ಸಂತೋಷ ಒಂದು. ಇದು ನನ್ನದಾಗಬೇಕೆಂಬ ಆಸೆ ಇನ್ನೊಂದು. ಇವು ಅವಳಿ ಮಕ್ಕಳಂತೆ ಜೊತೆಯಲ್ಲಿಯೇ ಹುಟ್ಟುವುದರಿಂದ ಇವುಗಳೊಳಗಿನ ಭೇದವು ಸುಲಭವಾಗಿ ತೋರುವುದಿಲ್ಲ. ಅರವತ್ತು ದಾಟಿದ ಮೇಲೆ ಈ ಭೇದವನ್ನು ನನಗೆ ತಿಳಿಸಿಕೊಟ್ಟ ಗುರು, ಸುಮಾರು 4 ಗ್ರಾಂ ತೂಕದ ಒಂದು ಹಕ್ಕಿ.

ರೈಲ್ವೆ ಸೇವೆಯಿಂದ ನಿವೃತ್ತನಾಗಿ ಮುಂಬಯಿಯ ಉಪನಗರವೊಂದರಲ್ಲಿ ನೆಲೆಸಿರುವ ನಾನು, ನಮ್ಮ ಸಮಾಜದ ಅನೇಕ ತಂದೆತಾಯಿಗಳಂತೆ, 2024ರ ವಸಂತದಲ್ಲಿ ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದೆ. ಬೆಳಗ್ಗೆ ಎಲ್ಲರೂ ಕಚೇರಿಗೂ ಶಾಲೆಗೂ ಹೊರಟುಹೋದ ಮೇಲೆ ಮನೆಯ ಹಿತ್ತಲೇ ನನ್ನ ಪ್ರಪಂಚ. ಅಲ್ಲಿ ಒಂದು ನಿಂಬೆಯ ಗಿಡ, ಕೆಲವು ಹೂಗಿಡಗಳು. ಅವನ್ನು ಅರಸಿಕೊಂಡು ದಿನವೂ ಹಮ್ಮಿಂಗ್‌ಬರ್ಡ್ ಬರುತ್ತಿತ್ತು. ಈ ಕುಲದ ಹಕ್ಕಿಗಳು ಅಮೆರಿಕ ಖಂಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ನಮ್ಮ ಬಾಲ್ಕನಿಯ ದಾಸವಾಳಕ್ಕೆ ಬರುವ ಸೂರಕ್ಕಿಯೂ ಮಕರಂದವನ್ನೇ ಹೀರುವುದಾದರೂ ಅದರ ಕುಲ ಬೇರೆ. ಸೂರಕ್ಕಿಯು ಸಾಮಾನ್ಯವಾಗಿ ರೆಂಬೆಯ ಮೇಲೆ ಕುಳಿತು ಹೀರಿದರೆ, ಹಮ್ಮಿಂಗ್‌ಬರ್ಡ್ ಹೂವಿನ ಮುಂದೆ ಗಾಳಿಯಲ್ಲಿಯೇ ನಿಂತು ಹೀರುತ್ತದೆ, ಹಿಮ್ಮುಖವಾಗಿಯೂ ಹಾರಬಲ್ಲದು. ಅಲ್ಲಿ ವರ್ಷವಿಡೀ ಕಾಣಸಿಗುವ 'ಆನಾಸ್ ಹಮ್ಮಿಂಗ್‌ಬರ್ಡ್' ಎಂಬ ಪ್ರಭೇದದ ರೆಕ್ಕೆಗಳು ಸೆಕೆಂಡಿಗೆ ಸುಮಾರು 40ರಿಂದ 50 ಸಲ ಬಡಿಯುತ್ತವೆ. ಆ ಝೇಂಕಾರದಿಂದಲೇ ಅದಕ್ಕೆ ಈ ಹೆಸರು.

ಅಳಿಯನ ಕ್ಯಾಮೆರಾವನ್ನು ಕೇಳಿ ಪಡೆದೆ. ಮೊದಲ ವಾರ ನನಗೆ ದೊರೆತದ್ದು ಬರಿಯ ಹೂವುಗಳ ಚಿತ್ರ. ಹಕ್ಕಿ ಆಗಲೇ ಹೋಗಿರುತ್ತಿತ್ತು. ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು ಕಾಲ ಮಾತ್ರ ಬೆಳಕನ್ನು ಒಳಗೆ ಬಿಟ್ಟರೂ ರೆಕ್ಕೆಯ ತುದಿ ಮಸುಕಾಗುತ್ತಿತ್ತು. ಕ್ರಮೇಣ ಅದು ಯಾವ ಹೊತ್ತಿಗೆ ಬರುತ್ತದೆ, ಯಾವ ಹೂವಿನಿಂದ ಯಾವ ಹೂವಿಗೆ ಹೋಗುತ್ತದೆ ಎಂಬುದು ತಿಳಿಯಿತು. ಗಂಡು ಹಕ್ಕಿಯ ಕೊರಳು ಒಮ್ಮೆ ಕಾಡಿಗೆಯಂತೆ ಕಪ್ಪು. ನನ್ನತ್ತ ತಿರುಗಿದ ಕ್ಷಣದಲ್ಲಿ ಉಜ್ಜ್ವಲವಾದ ಗುಲಾಬಿ. ಆ ಗುಲಾಬಿಯು ಗರಿಗೆ ಬಳಿದ ಬಣ್ಣವಲ್ಲವಂತೆ. ಗರಿಯ ಸೂಕ್ಷ್ಮ ಪದರಗಳಲ್ಲಿ ಬೆಳಕು ಪ್ರತಿಫಲಿಸಿ ತೋರುವ ವರ್ಣ. ಆದ್ದರಿಂದ ನೋಡುವವನು ಸರಿಯಾದ ಕೋನದಲ್ಲಿ ಇದ್ದರೆ ಮಾತ್ರ ಅದು ಕಾಣುತ್ತದೆ. ಆ ವರ್ಣವು ಮೊದಲ ಬಾರಿಗೆ ಚಿತ್ರದಲ್ಲಿ ಮೂಡಿದ ದಿನ, ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೊದಲ ಸಂಬಳ ಪಡೆದಾಗಲೂ ಆಗದಷ್ಟು ಸಂತೋಷವಾಯಿತೆಂದರೆ ಅತಿಶಯೋಕ್ತಿಯಲ್ಲ.

ಈ ಸಂತೋಷವು ನಿರ್ದೋಷವಾದದ್ದೇ ಎಂಬುದು ಪ್ರಕೃತ ಪ್ರಶ್ನೆ. ಪೂರ್ವಪಕ್ಷವು ಸುಲಭವಾಗಿದೆ. ಚಿತ್ರ ತೆಗೆಯುವವನು ಹಕ್ಕಿಯಿಂದ ಏನನ್ನೂ ಕಸಿದುಕೊಳ್ಳುವುದಿಲ್ಲ. 19ನೆಯ ಶತಮಾನದಲ್ಲಿ ಜಾನ್ ಗೌಲ್ಡ್ ಎಂಬ ಆಂಗ್ಲ ಪಕ್ಷಿತಜ್ಞರು ಸತ್ತ ಹಮ್ಮಿಂಗ್‌ಬರ್ಡ್‌ಗಳನ್ನು ಅಪಾರವಾಗಿ ಸಂಗ್ರಹಿಸಿ, 1851ರಲ್ಲಿ ಲಂಡನ್ನಿನಲ್ಲಿ ಅವುಗಳ ಪ್ರದರ್ಶನವನ್ನೇ ಏರ್ಪಡಿಸಿದರು. ಅವರು ಜೀವಂತ ಹಮ್ಮಿಂಗ್‌ಬರ್ಡನ್ನು ಮೊದಲು ಕಂಡದ್ದು ಅಮೆರಿಕಕ್ಕೆ ಹೋದ 1857ರಲ್ಲಿ! ಇದಕ್ಕೆ ಪ್ರತಿಯಾಗಿ, ದೊಡ್ಡ ರಾಸಾಯನಿಕ ಸಂಸ್ಥೆಯೊಂದರ ಮುಖ್ಯಸ್ಥರಾಗಿದ್ದ ಕ್ರಾಫರ್ಡ್ ಗ್ರೀನೆವಾಲ್ಟ್ ಅವರು ಕ್ಷಣಾರ್ಧಕ್ಕೂ ಕಡಿಮೆ ಕಾಲ ಮಿಂಚುವ ದೀಪಗಳ ನೆರವಿನಿಂದ ಹಾರುವ ಹಕ್ಕಿಗಳ ಚಿತ್ರಗಳನ್ನು ತೆಗೆದು 1960ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಬಂದೂಕಿನ ಸ್ಥಾನದಲ್ಲಿ ಕ್ಯಾಮೆರಾ ಬಂದಿತು. ಜ್ಞಾನವೂ ಬೆಳೆಯಿತು, ಜೀವವೂ ಉಳಿಯಿತು. ಇಲ್ಲಿ ದೋಷವೆಲ್ಲಿ?

ನಾನೂ ಹೀಗೆಯೇ ಭಾವಿಸಿದ್ದೆ. ಏಪ್ರಿಲಿನಲ್ಲಿ ನಿಂಬೆಯ ಗಿಡದಲ್ಲಿ ಗೂಡು ಕಂಡಿತು. ಜೇಡರ ಬಲೆಯ ನೂಲಿನಿಂದ ಹೆಣೆದ, ಅರ್ಧ ನಿಂಬೆಹಣ್ಣಿನಷ್ಟೇ ಗಾತ್ರದ ಬಟ್ಟಲು. ಒಳಗೆ ಇನ್ನೂ ಗರಿ ಮೂಡದ ಎರಡು ಮರಿಗಳು. ಈ ಹಕ್ಕಿಗಳಲ್ಲಿ ಗೂಡು ಕಟ್ಟುವುದು, ಕಾವು ಕೊಡುವುದು, ಉಣಿಸುವುದು ಎಲ್ಲವೂ ತಾಯಿಯೊಬ್ಬಳದೇ ಹೊಣೆ. ತಾಯಿಯು ಉಣಿಸುವ ಚಿತ್ರ ಬೇಕೆಂದು ನನಗೆ ಹಟ ಹುಟ್ಟಿತು. ಎಲೆ ತುಂಬಿದ ರೆಂಬೆಯೊಂದು ಅಡ್ಡ ಬರುತ್ತಿತ್ತು. ಅದನ್ನು ಪಕ್ಕಕ್ಕೆ ಎಳೆದು ದಾರದಿಂದ ಬೇಲಿಗೆ ಕಟ್ಟಿ, ನಾಲ್ಕಡಿ ದೂರದಲ್ಲಿ ಕುರ್ಚಿ ಹಾಕಿಕೊಂಡು ಕಾದೆ. ತಾಯಿಹಕ್ಕಿ ಬಂದಿತು, ನನ್ನನ್ನು ಕಂಡು ಬೇಲಿಯ ಮೇಲೆ ಕುಳಿತು ಚಿಕ್ ಚಿಕ್ ಎಂದು ಕೂಗಿತು, ಹೋಯಿತು. ಮತ್ತೆ ಬಂದಿತು, ಮತ್ತೆ ಹೋಯಿತು. 'ಇನ್ನೊಮ್ಮೆ ಬಂದರೆ ಸಿಕ್ಕೀತು' ಎಂದು ನಾನು ಕುಳಿತೇ ಇದ್ದೆ.

ಅಷ್ಟರಲ್ಲಿ ಶಾಲೆಯಿಂದ ಬಂದ ಮೊಮ್ಮಗಳು, "ಅಜ್ಜಾ, ಮರಿಗಳಿಗೆ ಬಿಸಿಲು ಬೀಳ್ತಾ ಇದೆ" ಎಂದಳು. ನೋಡಿದೆ. ನಾನು ಎಳೆದು ಕಟ್ಟಿದ ರೆಂಬೆಯೇ ಅವುಗಳ ಕೊಡೆಯಾಗಿತ್ತು. ಬತ್ತಲೆ ಮರಿಗಳೆರಡೂ ಬಾಯಿ ತೆರೆದು ಏದುತ್ತಿದ್ದವು. ಅದುವರೆಗೆ ಅದೇ ದೃಶ್ಯವನ್ನು ಕ್ಯಾಮೆರಾದ ಮೂಲಕ ಎಷ್ಟೋ ಸಲ ನೋಡಿದ್ದೆ. 'ಬೆಳಕು ಚೆನ್ನಾಗಿದೆ' ಎಂದಷ್ಟೇ ತೋರಿತ್ತು! ಕೈ ನಡುಗುತ್ತಾ ದಾರ ಬಿಚ್ಚಿ ಇಬ್ಬರೂ ಮನೆಯೊಳಗೆ ಬಂದೆವು. ತಾಯಿ ಮರಳಿ ಬರುವವರೆಗೆ ಕಿಟಕಿಯ ಬಳಿ ಕಳೆದ ಇಪ್ಪತ್ತು ನಿಮಿಷಗಳನ್ನು ನಾನು ಮರೆಯಲಾರೆ. ಕೆಂಪು ಸಂಕೇತ ಬಿದ್ದಾಗ ಚಾಲಕನು ವಾದಿಸದೆ ಗಾಡಿ ನಿಲ್ಲಿಸಬೇಕೆಂದು ಸೇವೆಯುದ್ದಕ್ಕೂ ಹೇಳಿದವನು ನಾನು. ಆ ಹಕ್ಕಿಯ ಕೂಗೂ ಅಂತಹ ಸಂಕೇತವೇ ಆಗಿತ್ತು.

ಫೋಟೋ ತೆಗೆಯುವುದಕ್ಕೆ ನಮ್ಮಲ್ಲಿ ಛಾಯಾಗ್ರಹಣವೆಂದು ಹೆಸರು. 'ಗ್ರಹ್' ಧಾತುವಿಗೆ ಹಿಡಿಯುವುದೆಂದೂ ಅರ್ಥವಿದೆ, ಅರಿಯುವುದೆಂದೂ ಅರ್ಥವಿದೆ. ಸುಂದರಕಾಂಡದಲ್ಲಿ ಸಮುದ್ರವನ್ನು ಲಂಘಿಸುತ್ತಿದ್ದ ಹನುಮಂತದೇವರ ನೆರಳನ್ನು ಹಿಡಿದು ವೇಗವನ್ನು ತಡೆದ ಸಿಂಹಿಕೆಯ ಕಥೆ ವಾಚಕರಿಗೆ ತಿಳಿದೇ ಇದೆ. ಅವಳೂ ಮುಟ್ಟಿದ್ದು ನೆರಳನ್ನು ಮಾತ್ರ. ಆದರೆ ನೆರಳಿನ ಮೂಲಕ ಅವಳು ಬಯಸಿದ್ದು ಆಹಾರವನ್ನು. ಆದ್ದರಿಂದ 'ನಾನು ಬರಿಯ ನೆರಳನ್ನು ಹಿಡಿದೆ' ಎಂಬ ಸಮಾಧಾನವು ಸಾಲದು. ಯಾವ ಬಯಕೆಯಿಂದ ಹಿಡಿದೆ, ಹಿಡಿದದ್ದರಿಂದ ಅದರ ಗತಿಗೆ ತಡೆಯಾಯಿತೇ ಎಂಬುದು ವಿಚಾರಣೀಯ.

ಹಾಗಾದರೆ ಕ್ಯಾಮೆರಾವನ್ನು ತ್ಯಜಿಸಬೇಕೇ? ಅಗತ್ಯವಿಲ್ಲ. ಅದು ಇಲ್ಲದಿದ್ದರೆ ನಾನು ಆ ತೋಟದಲ್ಲಿ ಗಂಟೆಗಟ್ಟಲೆ ಮೌನವಾಗಿ ಕುಳಿತಿರುತ್ತಿರಲಿಲ್ಲ. ಆ ಕೊರಳಿನ ವರ್ಣದ ರಹಸ್ಯವೂ ತಿಳಿಯುತ್ತಿರಲಿಲ್ಲ. ಭಾಗವತದ ಏಕಾದಶ ಸ್ಕಂಧದಲ್ಲಿ ಅವಧೂತನು ತನ್ನ ಗುರುಗಳಲ್ಲಿ ದುಂಬಿಯನ್ನೂ ಎಣಿಸುತ್ತಾನೆ. ಹೂವಿಗೆ ನೋವಾಗದಂತೆ ಸ್ವಲ್ಪವನ್ನೇ ಸ್ವೀಕರಿಸಬೇಕೆಂಬುದು ಅದರಿಂದ ಕಲಿತ ಒಂದು ಪಾಠ. ಕೂಡಿಟ್ಟರೆ ಕೂಡಿಟ್ಟುದರೊಡನೆ ನಾಶವೆಂಬುದು ಇನ್ನೊಂದು. ಚಿತ್ರಗ್ರಹಣಕ್ಕೂ ಇದೇ ನಿಯಮ ಸಾಕು. ಕ್ಯಾಮೆರಾ ಕೈಯಲ್ಲಿಲ್ಲದಾಗ ಹಕ್ಕಿ ಬಂದರೆ ಮನಸ್ಸು ಹಿಗ್ಗುವುದೋ, 'ಅಯ್ಯೋ, ತಪ್ಪಿಹೋಯಿತು' ಎಂದು ಕುಗ್ಗುವುದೋ ಎಂದು ನೋಡಿಕೊಂಡರೆ, ನಮ್ಮದು ದರ್ಶನವೋ ಗ್ರಹಣವೋ ಎಂಬುದು ತಾನಾಗಿಯೇ ತಿಳಿಯುತ್ತದೆ. ಅಂದಿನವರೆಗೆ ನಾನು ಕುಗ್ಗುವವನೇ ಆಗಿದ್ದೆನೆಂದು ಒಪ್ಪಿಕೊಳ್ಳಬೇಕು.

ಸಂತೋಷ ಕೊಟ್ಟವರ ಋಣವೂ ನಮ್ಮ ಮೇಲಿರುತ್ತದೆ. ಮಗಳ ಮನೆಯಲ್ಲಿ ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು ಬೆರೆಸಿ ಈ ಹಕ್ಕಿಗಳಿಗಾಗಿ ತೂಗುಹಾಕುತ್ತಾರೆ. ಬಣ್ಣ ಬೆರೆಸಬಾರದು, ಎರಡು ಮೂರು ದಿನಕ್ಕೊಮ್ಮೆ ಪಾತ್ರೆಯನ್ನು ತೊಳೆದು ಬದಲಿಸಬೇಕು, ಇಲ್ಲವಾದರೆ ಬೂಷ್ಟು ಬೆಳೆದು ಹಕ್ಕಿಗೆ ರೋಗ ತಗಲುತ್ತದೆ. ಅತಿಥಿಯನ್ನು ಕರೆದು ಹಳಸಿದ್ದನ್ನು ಬಡಿಸುವುದುಂಟೇ? ಗೂಡಿನ ಘಟನೆಯ ಮರುದಿನದಿಂದ ನಾನು ಹೊರಡುವವರೆಗೆ ಆ ಪಾತ್ರೆ ತೊಳೆಯುವ ಕೆಲಸ ನನ್ನದಾಯಿತು. ಮರಿಗಳು ಗರಿ ಮೂಡಿ ಹಾರಿಹೋದುದನ್ನು ಕಿಟಕಿಯಿಂದಲೇ ನೋಡಿದೆವು. ಅದರ ಚಿತ್ರ ನನ್ನಲ್ಲಿಲ್ಲ.

ಮುಂಬಯಿ, ಪುಣೆಗಳ ನಮ್ಮ ಬಾಲ್ಕನಿಗಳಲ್ಲಿ ಹಮ್ಮಿಂಗ್‌ಬರ್ಡ್ ಬಾರದು. ಆದರೆ ಸೂರಕ್ಕಿ ಬರುತ್ತದೆ, ಬಟ್ಟೆ ಒಣಹಾಕುವ ತಂತಿಗೂ ಗೂಡು ತೂಗುಹಾಕುತ್ತದೆ. ಈಗ ಪ್ರತಿಯೊಬ್ಬರ ಕೈಯಲ್ಲಿಯೂ ಕ್ಯಾಮೆರಾ ಇರುವ ಮೊಬೈಲ್ ಇದೆ. ಗೂಡು ಕಂಡರೆ ಮಕ್ಕಳನ್ನು ಕರೆದು ದೂರದಿಂದ ತೋರಿಸೋಣ. ಹಕ್ಕಿ ಕೂಗಿದರೆ ಹಿಂದೆ ಸರಿಯೋಣ. ಸ್ವಲ್ಪ ದಿನ ಬಟ್ಟೆಯನ್ನು ಬೇರೆಡೆ ಒಣಹಾಕೋಣ. ಚಿತ್ರ ಸಿಕ್ಕಿದರೆ ಸಂತೋಷ. ಸಿಗದಿದ್ದರೂ ಕಂಡ ಸಂತೋಷಕ್ಕೆ ಕೊರತೆಯಿಲ್ಲ.