ಹೂಡಿದವನಿಲ್ಲದ ಬಲೆ

ಅಡಗಿ ಹೊಡೆಯುವುದು ಧರ್ಮವೇ ಎಂಬ ಪ್ರಶ್ನೆಯನ್ನು ನಮ್ಮ ಕುಂದಾಪುರದ ಕಡೆ ತಾಳಮದ್ದಳೆಯಲ್ಲಿ ಬೆಳಗಿನ ಜಾವದವರೆಗೂ ಎಳೆಯಬಲ್ಲರು. ವಾಲಿವಧೆ ಪ್ರಸಂಗವಿದ್ದರೆ ಸಾಕು. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನಿಗೆ ವಾಲಿ ಹಾಕುವ ಪ್ರಶ್ನೆಗಳಿಗೆ ಇಡೀ ಸಭೆ ತಲೆದೂಗುವಂಥ ಉತ್ತರವನ್ನು ಯಾವ ಅರ್ಥಧಾರಿಯ ಬಾಯಿಂದಲೂ ನಾನು ಕೇಳಿಲ್ಲ. ಆದರೂ ರಾಮನ ಪರವಾಗಿ ಎರಡು ಮಾತಿದೆ. ಮೊದಲ ಕಾಳಗದಲ್ಲಿ ಅಣ್ಣ ಯಾರು, ತಮ್ಮ ಯಾರು ಎಂದು ಗುರುತು ಹತ್ತದೆ ಅವನು ಬಾಣ ಬಿಡಲಿಲ್ಲ. ಸುಗ್ರೀವ ಪೆಟ್ಟು ತಿಂದು ಓಡಿಬಂದ ಮೇಲೆ ಅವನ ಕೊರಳಿಗೆ ಹೂಬಳ್ಳಿ ಹಾಕಿಸಿಯೇ ಮತ್ತೆ ಕಳಿಸಿದ್ದು. ಇನ್ನೊಂದು, ವಾಲಿ ಬಿದ್ದ ಮೇಲೆ ಎದುರಿಗೆ ಬಂದು ನಿಂತ, ಕೇಳಿದ್ದಕ್ಕೆ ಉತ್ತರ ಕೊಟ್ಟ. ಉತ್ತರ ಸರಿಯೋ ತಪ್ಪೋ, ಕೇಳಲು ಎದುರಿಗೆ ಒಬ್ಬನಿದ್ದ.

ನನ್ನನ್ನು ಕಾಡುವುದು ಇದರ ಮುಂದಿನ ಪ್ರಶ್ನೆ. ಹೂಡಿದವನು ಅಲ್ಲಿ ಇಲ್ಲವೇ ಇಲ್ಲದ ಬಲೆಯ ಗತಿಯೇನು? ಅದು ಗುರುತು ನೋಡುವುದಿಲ್ಲ, ಕೈ ತಡೆಯುವುದಿಲ್ಲ, ಆಮೇಲೆ ಬಂದು ನಿಂತು ಮಾತಾಡುವುದೂ ಇಲ್ಲ.

ಇದನ್ನು ನನ್ನ ಕಣ್ಣೆದುರು ತಂದಿಟ್ಟದ್ದು ಮೊಮ್ಮಗ ಆಡುವ ಮೈನ್‌ಕ್ರಾಫ್ಟ್. 2011ರಲ್ಲಿ ಸ್ವೀಡನ್ನಿನ ಮೊಜಾಂಗ್ ಕಂಪನಿ ಪೂರ್ಣರೂಪದಲ್ಲಿ ಹೊರತಂದ ಆಟ. ಲೋಕವೆಲ್ಲ ಚೌಕ ಚೌಕ ಬ್ಲಾಕು. ಅಗೆಯಬೇಕು, ಅಗೆದದ್ದರಿಂದ ಕಟ್ಟಬೇಕು. ಬಸ್ರೂರಿನ ನಮ್ಮ ಮನೆ ಚಾವಡಿಯಲ್ಲಿ ಅವನ ಪಕ್ಕ ಕೂತು ನಾನು ಗಮನವಿಟ್ಟು ನೋಡಿದ್ದೇನೆ. ಆ ಲೋಕದ ಮರಳುಗಾಡಿನಲ್ಲಿ ಗುಡಿಗಳಿವೆ. ಒಳಗೆ ನೆಲದ ನಟ್ಟನಡುವೆ ನೀಲಿ ಬಣ್ಣದ ಒಂದು ಬ್ಲಾಕು. ಅದರ ಕೆಳಗೆ ಬಾವಿಯಂಥ ಆಳದ ಕೋಣೆ, ಸುತ್ತ ನಾಲ್ಕು ಪೆಟ್ಟಿಗೆ, ಮಧ್ಯೆ ಕಲ್ಲಿನದೊಂದು ಒತ್ತುಹಲಗೆ. ಸಂಪತ್ತಿನಾಸೆಗೆ ಇಳಿದವನು ಅದನ್ನು ಮೆಟ್ಟಿದರೆ ಅಡಿಯಲ್ಲಿ ಹೂತಿಟ್ಟ ಒಂಬತ್ತು ಟಿಎನ್‌ಟಿ ಸಿಡಿದು ಅವನೂ ಹೋಗುತ್ತಾನೆ, ಪೆಟ್ಟಿಗೆಯೂ ಹೋಗುತ್ತದೆ. ಗುಡಿ ಕಟ್ಟಿದವರು ಯಾರೂ ಆ ಲೋಕದಲ್ಲಿಲ್ಲ. ಅವರ ಸಿಟ್ಟು ಮಾತ್ರ ಉಳಿದಿದೆ.

ಪತಂಜಲಿಯ ಯೋಗಸೂತ್ರ ಹಿಂಸೆಯನ್ನು ಮೂರು ಬಗೆಯಾಗಿ ಎಣಿಸುತ್ತದೆ: ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು. ಬಲೆಯನ್ನು ಎಲ್ಲಿ ಸೇರಿಸೋಣ? ಹೂಡುವಾಗ ಯಾರಿಗೂ ನೋವಾಗುವುದಿಲ್ಲ. ನೋವಾಗುವ ಹೊತ್ತಿಗೆ ಹೂಡಿದವನು ಮಲಗಿರುತ್ತಾನೆ, ಪಶ್ಚಾತ್ತಾಪಪಟ್ಟು ಬೇರೆ ಮನುಷ್ಯನೇ ಆಗಿರಬಹುದು, ಸತ್ತೂ ಹೋಗಿರಬಹುದು. ಜೈನರ ತತ್ತ್ವಾರ್ಥಸೂತ್ರ ಇಲ್ಲಿ ಹೆಚ್ಚು ನೆರವಿಗೆ ಬರುತ್ತದೆ. ಅದರ ಪ್ರಕಾರ ಪ್ರಮಾದದಿಂದ, ಎಂದರೆ ಎಚ್ಚರಗೇಡಿತನದಿಂದ, ಪ್ರಾಣಕ್ಕೆ ಎರವಾಗುವುದೇ ಹಿಂಸೆ. ಬಲೆ ಹೂಡಿ ಎದ್ದುಹೋದವನು ಅದು ಅಲ್ಲಿರುವಷ್ಟು ಕಾಲವೂ ಪ್ರಮತ್ತನೇ. ಯಾರು ಬಂದರು, ಯಾಕೆ ಬಂದರು ಎಂದು ನೋಡುವ ಹೊಣೆಯನ್ನು ಅವನು ಕಲ್ಲಿಗೋ ತಂತಿಗೋ ಒಪ್ಪಿಸಿಬಿಟ್ಟಿದ್ದಾನೆ.

ಭಾರತದ ಅರಗಿನ ಮನೆಯನ್ನು ನೋಡಿ. ವಾರಣಾವತದಲ್ಲಿ ಪುರೋಚನ ಕಟ್ಟಿಸಿದ್ದು ಪಾಂಡವರಿಗಾಗಿ. ವಿದುರ ಒಗಟಿನ ಮಾತಿನಲ್ಲಿ ಎಚ್ಚರಿಸಿದ, ಸುರಂಗ ತೋಡುವವನೊಬ್ಬನನ್ನು ಕಳಿಸಿದ. ಅವನು ನೆಲದ ಮಟ್ಟಕ್ಕೇ ಹಲಗೆ ಮುಚ್ಚಿ ಯಾರಿಗೂ ಗೊತ್ತಾಗದ ದಾರಿ ಮಾಡಿದ. ಒಂದೇ ಮನೆಯಲ್ಲಿ ಕೊಲ್ಲುವ ಗುಟ್ಟು ಒಂದು, ಉಳಿಸುವ ಗುಟ್ಟು ಇನ್ನೊಂದು. ಹಾಗಾಗಿ ಮುಚ್ಚಿಡುವುದನ್ನೇ ಅಧರ್ಮ ಎನ್ನಲು ನಾನು ಒಪ್ಪುವುದಿಲ್ಲ. ಆದರೆ ಆ ರಾತ್ರಿ ಸುಟ್ಟುಹೋದವರು ಯಾರು? ಪುರೋಚನನ ಜತೆಗೆ, ಕುಂತಿ ಹಾಕಿದ ಊಟಕ್ಕೆಂದು ಬಂದು, ಕುಡಿದು ಅಲ್ಲೇ ಮಲಗಿದ್ದ ಒಬ್ಬ ಬೇಡತಿ ಮತ್ತು ಅವಳ ಐವರು ಮಕ್ಕಳು. ಬೆಂಕಿ ಇಟ್ಟವನು ಭೀಮ. ಆರು ಹೆಣ ಕಂಡು ಊರವರು ಪಾಂಡವರೇ ಸತ್ತರೆಂದು ಅತ್ತರು. ಆ ಹೆಂಗಸಿಗೆ ಕತೆಯಲ್ಲಿ ಹೆಸರೂ ಇಲ್ಲ. ಯಾರಿಗೋ ಹೂಡಿದ್ದಕ್ಕೆ ಅವಳು ಬಿದ್ದಳು. ನನಗೆ ಮಹಾಭಾರತದಲ್ಲಿ ದ್ಯೂತಕ್ಕಿಂತಲೂ ನುಂಗಲಾಗದ ಜಾಗ ಇದು.

ಹಾಗಿದ್ದರೆ ಮಕ್ಕಳ ಆಟದಲ್ಲಿ ಈ ಬಲೆಗಳು ಬೇಕೇ? ಬೇಕು ಎಂದೇ ನನ್ನ ಅಭಿಪ್ರಾಯ. ಮರಳುಗಾಡಿನ ಗುಡಿಯಲ್ಲಿ ನನ್ನ ಮೊಮ್ಮಗ ಈಗ ದಡಬಡ ಇಳಿಯುವುದಿಲ್ಲ. ಗೋಡೆಯ ಬದಿಯಿಂದ ಒಂದೊಂದೇ ಮೆಟ್ಟಿಲು ಕಡಿದುಕೊಂಡು ಇಳಿದು, ಮೊದಲು ಒತ್ತುಹಲಗೆ ಕಿತ್ತು, ಆಮೇಲೆ ಪೆಟ್ಟಿಗೆಗೆ ಕೈಹಾಕುತ್ತಾನೆ. ಲಾಭ ಕಂಡಲ್ಲಿ ಮೊದಲು ಕಾಲ ಕೆಳಗೆ ನೋಡುವ ಬುದ್ಧಿಯನ್ನು ನಾನು ಶಾಲೆಯಲ್ಲಿ ಪಾಠ ಮಾಡಿ ಇಷ್ಟು ಚೆನ್ನಾಗಿ ಕಲಿಸಲಾರೆ. ಆಟ ಮಾಡಿದವರೂ ನ್ಯಾಯ ಬಿಟ್ಟಿಲ್ಲ. ತೆರೆದರೆ ಬಲೆ ಎಬ್ಬಿಸುವ ಪೆಟ್ಟಿಗೆಯೂ ಆ ಆಟದಲ್ಲಿ ಬೇರೆ ಇದೆ; ಅದು ಸಾದಾ ಪೆಟ್ಟಿಗೆಯ ಹಾಗೇ ಇರುತ್ತದೆ, ಚಿಲಕದ ಸುತ್ತ ಮಾತ್ರ ತುಸು ಕೆಂಪು. ನಾನು ಆಡಲು ಕೂತಾಗ ಹುಡುಗ ತಡೆದ: “ಅಮ್ಮಮ್ಮ, ಅದನ್ ಮುಟ್ಬೇಡಿ. ಚಿಲಕದ್ ಹತ್ರ ಕೆಂಪ್ ಕಾಣ್ತಿಲ್ಯಾ?” ನೋಡುವ ಕಣ್ಣಿದ್ದವನಿಗೆ ಗುರುತು ಇಟ್ಟಿದ್ದಾರೆ. ಸುಗ್ರೀವನ ಹೂಬಳ್ಳಿ ಅಲ್ಲೂ ಇದೆ.

ಮೊಮ್ಮಗನೇ ಹೂಡಿದ ಬಲೆ ಇನ್ನೂ ವಿಚಾರ ಮಾಡುವಂಥದ್ದು. ಪೆಟ್ಟಿಗೆ ತೆರೆದರೆ ತಂತಿಯ ಹಾಗೆ ಕೆಲಸ ಮಾಡುವ ರೆಡ್‌ಸ್ಟೋನಿನಲ್ಲಿ ಸಂಕೇತ ಹರಿದು, ಅಂಟು ಪಿಸ್ಟನ್ನುಗಳು ನೆಲವನ್ನು ಎರಡೂ ಬದಿಗೆ ಎಳೆದುಕೊಳ್ಳುತ್ತವೆ, ಬಂದವನು ಗುಂಡಿಗೆ ಬೀಳುತ್ತಾನೆ. ಆ ಆಟದಲ್ಲಿ ಇಪ್ಪತ್ತಮೂರು ಬ್ಲಾಕಿನ ಎತ್ತರದಿಂದ ಬಿದ್ದರೆ ಪೂರ್ತಿ ಜೀವವೂ ಹೋಗುತ್ತದೆ. ಅವನ ಗುಂಡಿ ಅದಕ್ಕಿಂತ ಆಳ. ಆದರೆ ತಳದಲ್ಲಿ ನೀರು ನಿಲ್ಲಿಸಿದ್ದಾನೆ, ನೀರಿಗೆ ಬಿದ್ದರೆ ಪೆಟ್ಟಾಗುವುದಿಲ್ಲ. ಒಂದು ಮೂಲೆಯಲ್ಲಿ ಏಣಿಯೂ ಇದೆ. ಯಾಕೆ ಎಂದು ಕೇಳಿದೆ. ಬಿದ್ದವನು ಸತ್ತರೆ ಅವನ ಸಾಮಾನೆಲ್ಲ ಅಲ್ಲೇ ಚೆಲ್ಲುತ್ತದೆ, ಐದು ನಿಮಿಷದಲ್ಲಿ ಮಾಯವಾಗುತ್ತದೆ, ನಾಳೆ ಅವನು ನನ್ನ ಜತೆ ಆಡಲು ಬರುವುದಿಲ್ಲ ಎಂದ. ಬರುವವನು ಕಳ್ಳನೇ ಇರಲಿ, ನಾಳೆಯೂ ಬೇಕಾದವನು ಎಂಬ ಲೆಕ್ಕ ಅದು. ಬಲೆ ಹೂಡುವಾಗಲೇ ತನ್ನ ತೀರ್ಪು ತಪ್ಪಿರಬಹುದು ಎಂಬುದಕ್ಕೆ ಜಾಗ ಬಿಟ್ಟಿದ್ದಾನೆ. ಸತ್ತವನು ಮತ್ತೆ ಹಾಸಿಗೆಯಿಂದ ಏಳುವ ಲೋಕದಲ್ಲಿ ಇಂಥದ್ದನ್ನು ಯೋಚಿಸಿ ಕಲಿಯುವುದು ಸುಲಭ. ಆಟದ ನಿಜವಾದ ಉಪಯೋಗ ಅಲ್ಲೇ ಇದೆ.

ನಮ್ಮ ಲೋಕದಲ್ಲಿ ಹಾಗೆ ಏಳುವವರಿಲ್ಲ. ಬಿಹಾರದಲ್ಲಿ ಒಬ್ಬಾತ ತನ್ನ ಪಾಯಖಾನೆಗೆ ಬೇರೆಯವರು ನುಗ್ಗದಂತೆ ಬೋಳು ತಂತಿ ಕಟ್ಟಿ ಕರೆಂಟು ಹರಿಸಿದ್ದ. ನೆರೆಮನೆಯ ಹೆಂಗಸು ಮುಟ್ಟಿ ಸತ್ತಳು. ನನ್ನ ಜಾಗ, ನನ್ನ ರಕ್ಷಣೆ ಎಂಬ ಅವನ ವಾದವನ್ನು 1963ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಅತಿಕ್ರಮ ಮಾಡಿ ಒಳಗೆ ಬಂದವನಾದರೂ ಕೊಲ್ಲಲು ತಕ್ಕವನಾಗುವುದಿಲ್ಲ ಎಂಬುದು ಆ ತೀರ್ಪಿನ ಸಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಉರುಳು ಹಾಕುವುದನ್ನೂ ಬಲೆ ಒಡ್ಡುವುದನ್ನೂ ಬೇಟೆ ಎಂದೇ ಕರೆಯುತ್ತದೆ.

ಘಟ್ಟದ ಬುಡದ ನಮ್ಮ ಊರುಗಳಲ್ಲಿ ಹಂದಿ ಕಾಟ ಸುಳ್ಳಲ್ಲ. ಒಂದೇ ರಾತ್ರಿಯಲ್ಲಿ ಗದ್ದೆ ಮಗುಚಿಹೋದವರ ಸಂಕಟ ನನಗೆ ಗೊತ್ತು. ಆದರೆ ಹಂದಿಗೆಂದು ಕಟ್ಟಿದ ಕ್ಲಚ್ ಕೇಬಲ್ಲಿನ ಉರುಳಿಗೆ ಚಿರತೆ ಬೀಳುತ್ತದೆ, ನಾಯಿ ಬೀಳುತ್ತದೆ. ಬೇಲಿಗೆ ಕೊಟ್ಟ ಕರೆಂಟಿಗೆ ಬೆಳಿಗ್ಗೆ ಹುಲ್ಲಿಗೆ ಹೊರಟ ಹೆಂಗಸೂ ಸಿಗಬಹುದು. ಸೋಲಾರ್ ಬೇಲಿ ಸರಿಯಾಗಿ ಹಾಕಿಸಿದರೆ ಮುಟ್ಟಿದವರನ್ನು ಬೆಚ್ಚಿಬೀಳಿಸಿ ಬಿಡುತ್ತದೆ, ಪ್ರಾಣ ತೆಗೆಯುವುದಿಲ್ಲ; ಪಕ್ಕದಲ್ಲಿ ಬೋರ್ಡು ತೂಗುಹಾಕಲೂಬಹುದು. ಮನೆಯ ಲೈನಿನಿಂದ ನೇರ ತಂತಿ ಎಳೆದವರು, ಹಾಡಿಯಲ್ಲಿ ಉರುಳಿಟ್ಟು ಮರೆತವರು ಈ ಬರಹ ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ: ಇವತ್ತು ಕತ್ತಲಾಗುವ ಮೊದಲೇ ಹೋಗಿ ಬಿಚ್ಚಿ ಬನ್ನಿ.